ಏನ್ ಸಾಮಿ, ಯಾರ ಪೈಕಿ? ಉತ್ತರದ ಸಾಮಿ ನಾಡು, ಪ್ರವಾಸ ಮತ್ತು 'ನಮ್ಮಜ್ಜಿ ಸಾಮಿ' ತಮಾಷೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷ ನಾನು ಫಿನ್‌ಲ್ಯಾಂಡಿನ ಔಲುವಿನಲ್ಲಿದ್ದೆ. ಆಗ ಕೂಡಿದ ಗೆಳೆಯರ ಗುಂಪು ಇವತ್ತಿಗೂ ಫೋನಿನಲ್ಲಿ ಬದುಕಿದೆ. ಔಲುವಿನವರು ಇಬ್ಬರು, ಮೈಸೂರಿನವನು ಒಬ್ಬ, ಅಮೆರಿಕದ ಮಿನ್ನೆಸೋಟದವನು ಒಬ್ಬ, ನಾರ್ವೆಯ ಆಲ್ಟಾದ, ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನಾಂಗದ ಗೆಳತಿ ಒಬ್ಬಳು. ಪ್ರತಿ ವರ್ಷ 'ಈ ಸಲ ಎಲ್ಲರೂ ಸೇರಿ ಎಲ್ಲಿಗೆ ಹೋಗೋಣ' ಅಂತ ಮಾತು ಏಳುತ್ತದೆ. ಒಬ್ಬ ಹಂಪಿ ಅಂತಾನೆ, ಇನ್ನೊಬ್ಬ ಫಿನ್‌ಲ್ಯಾಂಡಿನ ಉತ್ತರದ ಇನಾರಿ ಅಂತಾನೆ. ವಾರಗಟ್ಟಲೆ ತಮಾಷೆ ನಡೆಯುತ್ತದೆ, ಪ್ರವಾಸ ಮಾತ್ರ ನಡೆಯುವುದಿಲ್ಲ. ಡಿಎನ್‌ಎ ಟೆಸ್ಟ್ ಮಾಡಿಸಿದ ಮಿನ್ನೆಸೋಟದವನದು ಒಂದೇ ರಾಗ: "ನನಗೆ ವೀಸಾ ಬೇಡ, ನಾನು ಒಂದೂವರೆ ಪರ್ಸೆಂಟ್ ಸಾಮಿ." (ಅಮೆರಿಕದ ಪಾಸ್‌ಪೋರ್ಟ್ ಇರುವವನಿಗೆ ಫಿನ್‌ಲ್ಯಾಂಡ್ ಪ್ರವಾಸಕ್ಕೆ ಹೇಗೂ ವೀಸಾ ಬೇಡ. ಅದನ್ನು ಅವನಿಗೆ ಯಾರೂ ಹೇಳಿಲ್ಲ.)

ಈ ಕಥೆಗಳನ್ನು ಊರಲ್ಲಿ ಹೇಳಿದಾಗ ಬಂದ ಪ್ರಶ್ನೆಗಳು, ಪರಿಚಯದವರು ಬರೆದು ಕೇಳಿದವು, ಗುಂಪಿನಲ್ಲೇ ಎದ್ದವು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು.

### ಮೊದಲ ಪರಿಚಯ

ಸಾಮಿ ಅಂದ್ರೆ ಯಾರು? ನಮ್ಮ 'ಏನ್ ಸಾಮಿ' ಅಲ್ಲ ತಾನೇ?

ಅಲ್ಲ. ಉಚ್ಚಾರ ಮಾತ್ರ ಹೆಚ್ಚುಕಡಿಮೆ ಅದೇ. ಆಲ್ಟಾದ ಗೆಳತಿಗೆ ನಾನು ಮೊದಲ ಸಲ ಈ ವಿಷಯ ಹೇಳಿದಾಗ, ನಮ್ಮ ಊರಲ್ಲಿ ಗೌರವ ಕೊಡಬೇಕಾದವರನ್ನೆಲ್ಲ 'ಸಾಮಿ' ಅಂತಾರೆ ಅಂದಾಗ, ಅವಳು ಒಂದು ನಿಮಿಷ ನಕ್ಕು "ಸರಿ, ಅಲ್ಲಿಗೇ ಬಂದು ಇರ್ತೀನಿ" ಅಂದಳು.

ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್‌ಗಳ ಉತ್ತರ ಭಾಗ ಮತ್ತು ರಷ್ಯಾದ ಕೋಲಾ ಪರ್ಯಾಯ ದ್ವೀಪ, ಇಷ್ಟೂ ಕಡೆ ಹರಡಿರುವ ಮೂಲನಿವಾಸಿಗಳು ಸಾಮಿಗಳು. ತಮ್ಮ ನಾಡನ್ನು ಅವರು ಸಾಪ್ಮಿ ಅಂತಾರೆ. ದೇಶಗಳ ಗಡಿ ಬಂದದ್ದು ಆಮೇಲೆ. ಜನಸಂಖ್ಯೆ ಸುಮಾರು 80 ಸಾವಿರದಿಂದ ಒಂದು ಲಕ್ಷ ಅಂತ ಅಂದಾಜು. ಅರ್ಧಕ್ಕಿಂತ ಹೆಚ್ಚಿನವರು ನಾರ್ವೆಯಲ್ಲಿದ್ದಾರೆ.

ಲ್ಯಾಪ್‌ಲ್ಯಾಂಡ್ ಅಂತ ಶಾಲೇಲಿ ಓದಿದ್ವಿ. ಅಲ್ಲಿನವರು 'ಲ್ಯಾಪ್‌'ಗಳು ಅಲ್ವಾ?

ನಮ್ಮ ಹಳೆಯ ಭೂಗೋಳದ ಪುಸ್ತಕಗಳಲ್ಲಿ ಹಾಗೇ ಇತ್ತು. ಇವತ್ತು ಆ ಪದ ಬಳಸಬೇಡಿ. ಅದು ಬೇರೆಯವರು ಇಟ್ಟ ಹೆಸರು, ಬೈಗುಳದಂತೆ ಬಳಕೆಯಾದ ಹೆಸರು. ಸ್ಥಳದ ಹೆಸರಾಗಿ ಲ್ಯಾಪ್‌ಲ್ಯಾಂಡ್ ಇನ್ನೂ ಇದೆ: ಫಿನ್‌ಲ್ಯಾಂಡಿನಲ್ಲಿ ಒಂದು ಆಡಳಿತ ಪ್ರದೇಶಕ್ಕೆ, ಸ್ವೀಡನ್ನಿನಲ್ಲಿ ಒಂದು ಹಳೆಯ ಪ್ರಾಂತ್ಯಕ್ಕೆ. ಜಾಗಕ್ಕೆ ಲ್ಯಾಪ್‌ಲ್ಯಾಂಡ್, ಜನರಿಗೆ ಸಾಮಿ. ಇಷ್ಟು ನೆನಪಿಟ್ಟರೆ ಸಾಕು.

ಎಲ್ಲರೂ ಹಿಮಸಾರಂಗ ಸಾಕೋರಾ?

ನಾರ್ವೆಯಲ್ಲಿ ಹತ್ತರಲ್ಲಿ ಒಬ್ಬರ ಆಸುಪಾಸು. ಉಳಿದವರಲ್ಲಿ ಮೇಷ್ಟ್ರು ಇದ್ದಾರೆ, ನರ್ಸ್ ಇದ್ದಾರೆ, ಸಾಫ್ಟ್‌ವೇರ್‌ನವರು ಇದ್ದಾರೆ. ಕರಾವಳಿಯ ಸಾಮಿಗಳದ್ದು ತಲೆತಲಾಂತರದಿಂದ ಮೀನುಗಾರಿಕೆ. ಫಿನ್‌ಲ್ಯಾಂಡಿನ ಸಾಮಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ತಾಯ್ನೆಲದಿಂದ ಹೊರಗೆ, ಹೆಲ್ಸಿಂಕಿಯಂಥ ಊರುಗಳಲ್ಲಿ ವಾಸ.

ಆದರೂ ಹಿಮಸಾರಂಗವೇ ಗುರುತಾಗಿ ನಿಂತಿದೆ, ಅದಕ್ಕೆ ಕಾರಣ ಇದೆ. ನಾರ್ವೆ ಮತ್ತು ಸ್ವೀಡನ್‌ಗಳಲ್ಲಿ ಹಿಮಸಾರಂಗ ಸಾಕುವ ಹಕ್ಕು ಬಹುಮಟ್ಟಿಗೆ ಸಾಮಿಗಳಿಗೇ ಸೇರಿದ್ದು. ಫಿನ್‌ಲ್ಯಾಂಡಿನಲ್ಲಿ ಹಾಗಿಲ್ಲ, ಆ ಭಾಗದಲ್ಲಿ ನೆಲೆಸಿದ ಬೇರೆಯವರೂ ಸಾಕಬಹುದು. ಹಾಗಾಗಿ ಫಿನ್‌ಲ್ಯಾಂಡಿನ ಹಿಮಸಾರಂಗದ ಗಾಡಿ ಓಡಿಸುವವನನ್ನೆಲ್ಲ ಸಾಮಿ ಅಂದುಕೊಂಡರೆ ತಪ್ಪಾಗುತ್ತದೆ.

ಅವರ ಭಾಷೆ ಸ್ವೀಡಿಷ್, ನಾರ್ವೇಜಿಯನ್ ತರಹಾನಾ?

ಸಂಬಂಧವೇ ಇಲ್ಲ. ಅದು ಯೂರಾಲಿಕ್ ಕುಟುಂಬದ್ದು, ಫಿನ್ನಿಷ್, ಎಸ್ಟೋನಿಯನ್, ದೂರದಲ್ಲಿ ಹಂಗೇರಿಯನ್ ಭಾಷೆಗಳ ಬಳಗ. ಭಾಷೆ ಒಂದೇ ಅಂತಲೂ ಅಲ್ಲ, ಇವತ್ತು ಒಂಬತ್ತು ಸಾಮಿ ಭಾಷೆಗಳಿವೆ ಅಂತ ಲೆಕ್ಕ. ಉತ್ತರ ಸಾಮಿಗೆ ಎಲ್ಲಕ್ಕಿಂತ ಜಾಸ್ತಿ ಮಾತುಗಾರರು. ದೂರದ ಎರಡು ಸಾಮಿ ಭಾಷೆಗಳವರು ಮಾತಾಡಿದರೆ ಒಬ್ಬರದ್ದು ಒಬ್ಬರಿಗೆ ತಿಳಿಯುವುದಿಲ್ಲ. ಕನ್ನಡ, ತುಳು, ತೆಲುಗು ನೆನಪಿಸಿಕೊಳ್ಳಿ. ರಷ್ಯಾ ಕಡೆಯ ಅಕ್ಕಾಲಾ ಸಾಮಿಯ ಕೊನೆಯ ಮಾತುಗಾರರು 2003ರಲ್ಲಿ ತೀರಿಕೊಂಡರು.

ಇನಾರಿ ಸಾಮಿಯದ್ದು ಬೇರೆ ಕಥೆ. ಮಾತಾಡುವವರು ಕೆಲವೇ ನೂರು ಜನ, ಅವರಲ್ಲೂ ಮಕ್ಕಳು ಇಲ್ಲವೇ ಇಲ್ಲ ಅನ್ನುವಂತಾಗಿತ್ತು. 1997ರಲ್ಲಿ 'ಭಾಷೆಯ ಗೂಡು' ಅನ್ನುವ ಶಿಶುವಿಹಾರ ಶುರುವಾಯಿತು. ಮಕ್ಕಳ ಜೊತೆ ಇಡೀ ದಿನ ಇನಾರಿ ಸಾಮಿಯಲ್ಲೇ ಮಾತು. ಆ ಗೂಡಿನಲ್ಲಿ ಬೆಳೆದವರು ಈಗ ದೊಡ್ಡವರಾಗಿದ್ದಾರೆ.

ಇನ್ನೊಂದು ಸೊಗಸು: ಉತ್ತರ ಸಾಮಿಯಲ್ಲಿ ಏಕವಚನ, ಬಹುವಚನ ಅಲ್ಲದೆ ದ್ವಿವಚನವೂ ಇದೆ. 'ನಾವಿಬ್ಬರು' ಅನ್ನೋದಕ್ಕೆ ಮೊಆಯಿ, 'ನಾವೆಲ್ಲ' ಅನ್ನೋದಕ್ಕೆ ಮೀ. 'ನಾವು ಹಂಪಿಗೆ ಹೋಗ್ತೀವಿ' ಅಂತ ಆಲ್ಟಾದವಳು ಬರೆದರೆ ಇಬ್ಬರೋ ಎಲ್ಲರೋ ಅಂತ ಕೇಳಬೇಕಾಗಿಲ್ಲ.

### ಹೋಗೋದಾದ್ರೆ ಎಲ್ಲಿಗೆ, ಹೇಗೆ

ಫಿನ್‌ಲ್ಯಾಂಡಿನ ರೊವಾನಿಯೆಮಿಗೆ ಹೋಗಿ ಸಾಂತಾ ಜೊತೆ ಫೋಟೋ ತೆಗೆಸಿಕೊಂಡು ಬಂದ್ವಿ. ಸಾಮಿ ನಾಡು ನೋಡಿದ ಹಾಗಾಯ್ತಲ್ಲ?

ಬೇಜಾರು ಮಾಡಿಕೊಳ್ಳಬೇಡಿ, ಆಗಲಿಲ್ಲ. ಫಿನ್‌ಲ್ಯಾಂಡಿನ ಕಾನೂನು ಸಾಮಿ ತಾಯ್ನೆಲ ಅಂತ ಗುರುತಿಸಿರುವುದು ಎನೊಂಟೆಕಿಯೊ, ಇನಾರಿ, ಉಟ್ಸ್‌ಯೊಕಿ ಮತ್ತು ಸೊಡಾಂಕ್ಯುಲದ ಉತ್ತರ ಭಾಗವನ್ನು. ರೊವಾನಿಯೆಮಿ ಅದರಲ್ಲಿ ಇಲ್ಲ. ಅಲ್ಲಿಂದ ಇನಾರಿಗೆ ಇನ್ನೂ ಸುಮಾರು 330 ಕಿ.ಮೀ. ಇದೆ. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಇಳಿದು ಮೈಸೂರು ಪೇಟ ಕೊಂಡು ದಸರಾ ನೋಡಿದೆ ಅಂದ ಹಾಗೆ.

ರೊವಾನಿಯೆಮಿ ಕೆಟ್ಟ ಊರು ಅಂತಲ್ಲ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಸುಟ್ಟ ಊರು ಅದು, ಬೂದಿಯಿಂದ ಕಟ್ಟಿದ್ದು. ಸಾಂತಾ ಹಳ್ಳಿ ಬಂದದ್ದು 1985ರಲ್ಲಿ. ಮಕ್ಕಳಿದ್ದರೆ ಹೋಗಿ. ಆದರೆ ಅಲ್ಲಿ ನಾಲ್ಕು ಮೂಲೆಯ ಬಣ್ಣದ ಟೋಪಿ ಹಾಕಿಕೊಂಡು 'ಆರ್ಕ್‌ಟಿಕ್ ವೃತ್ತ ದಾಟುವ ಶಾಸ್ತ್ರ' ಮಾಡಿಸುವವರು ಕಂಡರೆ, ಅದು ಪ್ರವಾಸಿಗಳಿಗಾಗಿ ಹುಟ್ಟಿದ ಆಟ, ಸಾಮಿ ಸಂಪ್ರದಾಯ ಅಲ್ಲ ಅಂತ ಗೊತ್ತಿರಲಿ.

ಹಾಗಾದ್ರೆ ಒಂದೇ ಒಂದು ಊರು ಹೇಳಿ.

ಇನಾರಿ. ವಿಸ್ತೀರ್ಣದಲ್ಲಿ ಫಿನ್‌ಲ್ಯಾಂಡಿನ ಅತಿ ದೊಡ್ಡ ಮುನ್ಸಿಪಾಲಿಟಿ, ಜನ ಮಾತ್ರ ಏಳು ಸಾವಿರದ ಆಸುಪಾಸು. ನಾಲ್ಕು ಅಧಿಕೃತ ಭಾಷೆಗಳು: ಫಿನ್ನಿಷ್ ಮತ್ತು ಮೂರು ಸಾಮಿ ಭಾಷೆಗಳು. ಮೂರು ಸಾವಿರಕ್ಕೂ ಹೆಚ್ಚು ದ್ವೀಪಗಳಿರುವ ಕೆರೆ ಪಕ್ಕದಲ್ಲೇ ಇದೆ. ಅದನ್ನು ಕೆರೆ ಅಂತ ಬರೆಯೋಕೆ ಕೈ ಬರಲ್ಲ, ಸಾವಿರಕ್ಕೂ ಹೆಚ್ಚು ಚದರ ಕಿ.ಮೀ. ನೀರು.

ಅಲ್ಲಿನ ಸೀಡಾ ಮ್ಯೂಸಿಯಂಗೆ ಅರ್ಧ ದಿನ ಇಡಿ. 2024ರಲ್ಲಿ ಯುರೋಪಿನ ವರ್ಷದ ಮ್ಯೂಸಿಯಂ ಪ್ರಶಸ್ತಿ ಬಂದಿದ್ದು ಅದಕ್ಕೇ. ಅದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು. ಹೆಲ್ಸಿಂಕಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ಸಾಮಿ ವಸ್ತುಗಳು 2021ರಲ್ಲಿ ಇಲ್ಲಿಗೆ ವಾಪಸ್ ಬಂದವು. ಅಜ್ಜಿಯ ಚಮಚ, ಮುತ್ತಜ್ಜನ ಚಾಕು ಗಾಜಿನೊಳಗಾದರೂ ಸರಿ, ಊರಿಗೆ ಮರಳಿವೆ.

ಸ್ವೀಡನ್, ನಾರ್ವೆ ಕಡೆ ಏನಿದೆ?

ಸ್ವೀಡನ್ನಿನ ಯೊಕ್‌ಮೊಕ್‌ನಲ್ಲಿ ಫೆಬ್ರವರಿಯ ಮೊದಲ ಗುರುವಾರದಿಂದ ಚಳಿಗಾಲದ ಸಂತೆ. 1605ರಿಂದ ನಡೆಯುತ್ತಿದೆ. ಶುರು ಮಾಡಿಸಿದ್ದು ರಾಜ, ಎಲ್ಲರನ್ನೂ ಒಂದು ಕಡೆ ಸೇರಿಸಿದರೆ ತೆರಿಗೆ ಎತ್ತೋದು ಸುಲಭ ಅಂತ. ತೆರಿಗೆಯವರು ಹೋದರು, ಸಂತೆ ಉಳಿಯಿತು.

ನಾರ್ವೆಯಲ್ಲಿ ಕಾರಶೊಕ್ ಮತ್ತು ಕೌಟೊಕೈನೊ. ಕೌಟೊಕೈನೊದಲ್ಲಿ ಈಸ್ಟರ್ ಹೊತ್ತಿಗೆ ಹಿಮಸಾರಂಗದ ಓಟ, ಹಾಡಿನ ಸ್ಪರ್ಧೆ, ಮದುವೆಗಳು. ಕಾರಶೊಕ್‌ನಲ್ಲಿ ನಾರ್ವೆಯ ಸಾಮಿ ಸಂಸತ್ತು (ಸಾಮಿಗಳೇ ಮತ ಹಾಕಿ ಆರಿಸುವ ಸಭೆ) ಇದೆ, 1989ರಲ್ಲಿ ಶುರುವಾದದ್ದು. ಅದೇ ಊರಿನ ಮ್ಯೂಸಿಯಂನಲ್ಲಿ ಒಂದು ಹಳೆಯ ಡೋಲು ಇದೆ. 1691ರಲ್ಲಿ ಮಾಟದ ಆರೋಪ ಹೊರಿಸಿ ಒಬ್ಬ ಮುದುಕನಿಂದ ಕಿತ್ತುಕೊಂಡದ್ದು. ಕೋಪನ್‌ಹೇಗನ್‌ಗೆ ಹೋದ ಅದು ಪೂರ್ತಿಯಾಗಿ ಸಾಮಿಗಳ ಸ್ವತ್ತಾದದ್ದು 2022ರಲ್ಲಿ. ಆ ಮುದುಕನ ಹೆಸರನ್ನು ನೆನಪಿಡಿ, ಪೋಲಾ-ಆಂದೆ. ಕೆಳಗೆ ಮತ್ತೆ ಬರುತ್ತಾನೆ.

ಯಾವ ತಿಂಗಳು ಒಳ್ಳೇದು? ಚಳಿ ತಡೆಯೋಕೆ ಆಗುತ್ತಾ?

ಕಾರಶೊಕ್‌ನಲ್ಲಿ 1886ರಲ್ಲಿ ಮೈನಸ್ 51.4 ಡಿಗ್ರಿ ದಾಖಲಾಗಿದೆ. ಹೆದರಬೇಡಿ, ಅದು ನಾರ್ವೆಯ ದಾಖಲೆ. ಆದರೆ ಜನವರಿ, ಫೆಬ್ರವರಿಯಲ್ಲಿ ಮೈನಸ್ 25, 30 ವಿಶೇಷ ಏನಲ್ಲ. ಮೂಗಿನೊಳಗಿನ ಕೂದಲು ಗರಿಗರಿ ಆಗುತ್ತದೆ. ಒಂದು ದಪ್ಪ ಜಾಕೆಟ್‌ಗಿಂತ ಉಣ್ಣೆಯ ಒಳಬಟ್ಟೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಹೀಗೆ ಪದರ ಪದರ ಹಾಕಿದರೆ ತಡೆಯಬಹುದು.

ನನ್ನ ಆಯ್ಕೆ ಮಾರ್ಚ್ ಅಥವಾ ಸೆಪ್ಟೆಂಬರ್. ಮಾರ್ಚಿನಲ್ಲಿ ಹಿಮವೂ ಇರುತ್ತದೆ, ಬಿಸಿಲೂ ಇರುತ್ತದೆ, ರಾತ್ರಿ ನಾರ್ದರ್ನ್ ಲೈಟ್ಸ್ ಕಾಣುವ ಅವಕಾಶವೂ ಇರುತ್ತದೆ. ಸೆಪ್ಟೆಂಬರಿನಲ್ಲಿ ಬೆಟ್ಟವೆಲ್ಲ ಕೆಂಪು, ಹಳದಿ. ಜುಲೈನಲ್ಲಿ ಮಧ್ಯರಾತ್ರಿಯ ಸೂರ್ಯ ನೋಡಲು ಹೋಗುವವರು ಸೊಳ್ಳೆಗಳ ಬಗ್ಗೆ ಯಾರೂ ಹೇಳಲಿಲ್ಲ ಅಂತ ಆಮೇಲೆ ಬೈಯುತ್ತಾರೆ. ಈಗ ಹೇಳಿದ್ದೇನೆ. ಮಲೆನಾಡಿನ ಮಳೆಗಾಲದ ಇಂಬಳ ಕಂಡವರಿಗೆ ಅಂದಾಜು ಸಿಗುತ್ತದೆ.

ಮೂರು ದೇಶಕ್ಕೆ ಮೂರು ವೀಸಾ ಬೇಕಾ?

ಒಂದು ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ಇರುವ ದೇಶದ ಕಡೆಯಿಂದ ಅರ್ಜಿ ಹಾಕಿ, ದಿನಗಳು ಸಮ ಆದರೆ ಮೊದಲು ಕಾಲಿಡುವ ದೇಶ. ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕೋಲಾ ಕಡೆ ಹೋಗಲು ರಷ್ಯಾ ವೀಸಾ ಬೇರೆ.

ನಾನು ಸಸ್ಯಾಹಾರಿ. ಉಪವಾಸವೇ ಗತಿನಾ?

ಸಾಮಿ ಅಡುಗೆಯಲ್ಲಿ ಹಿಮಸಾರಂಗದ ಮಾಂಸ ಮತ್ತು ಮೀನು ಮುಖ್ಯ. ಮದುವೆ ಊಟದ ಬಿಡೋಸ್ ಅನ್ನೋದು ಹಿಮಸಾರಂಗ, ಆಲೂಗಡ್ಡೆ, ಕ್ಯಾರೆಟ್ ಹಾಕಿ ನಿಧಾನ ಬೇಯಿಸಿದ ಸಾರು. 'ಮಾಂಸ ತೆಗೆದು ಕೊಡಿ' ಅಂತ ಕೇಳಬೇಡಿ, ನನ್ನ ಜೊತೆ ಬಂದವರೊಬ್ಬರು ಕೇಳಿ ನಾನು ತಲೆ ತಗ್ಗಿಸಿದ್ದೇನೆ. ಕ್ಲೌಡ್‌ಬೆರಿ ಅನ್ನುವ ಕಿತ್ತಳೆ ಬಣ್ಣದ ಹಣ್ಣಿನ ಜಾಮ್, ಅದರ ಜೊತೆ ಸುಟ್ಟ ಗಿಣ್ಣಿನಂಥ ಚೀಸ್, ಬಿಸಿ ಕಾಫಿ ಇದ್ದರೆ ಒಂದು ಹೊತ್ತು ಕಳೆಯುತ್ತದೆ. ಅಂಗಡಿಗಳಲ್ಲಿ ತರಕಾರಿ ಸಿಗುತ್ತದೆ, ಅಡುಗೆ ಮನೆ ಇರುವ ಕೋಣೆ ಹಿಡಿಯಿರಿ. ಊರಿಂದ ಅವಲಕ್ಕಿ, ಉಪ್ಪಿಟ್ಟಿನ ಪುಡಿ ಒಯ್ಯಬಹುದು. ತುಪ್ಪ, ಪೇಡ ಬೇಡ. ಹಾಲಿನ ಪದಾರ್ಥ ಮತ್ತು ಮಾಂಸವನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ.

ಮಾತಿಗೆ ಸಿಕ್ಕಿದ್ರೆ 'ನಿಮಗೆ ಎಷ್ಟು ಹಿಮಸಾರಂಗ ಇವೆ' ಅಂತ ಕೇಳಬಹುದಾ?

ಬೇಡ. ಹೊಸದಾಗಿ ಪರಿಚಯವಾದವರನ್ನು 'ಬ್ಯಾಂಕಲ್ಲಿ ಎಷ್ಟಿದೆ' ಅಂತ ಕೇಳಿದ ಹಾಗೆ. ಇದಕ್ಕೆ ಅವರಲ್ಲಿ ಒಂದು ಹಳೆಯ ಉತ್ತರ ಇದೆ: "ಮರದ ಎರಡೂ ಕಡೆ ಇವೆ." ನಮ್ಮ ಗುಂಪಿನಲ್ಲಿ ಈಗ ಯಾರಾದರೂ ಸಂಬಳ ಕೇಳಿದರೆ ಇದೇ ಉತ್ತರ. ಮೈಸೂರಿನವನಂತೂ ಮನೆಯ ಬಾಡಿಗೆ ಕೇಳಿದರೂ ಮರ ತೋರಿಸುತ್ತಾನೆ.

ಅವರ ಬಣ್ಣದ ಉಡುಪು ಬಾಡಿಗೆಗೆ ತಗೊಂಡು ಫೋಟೋ ತೆಗೆಸಿಕೊಳ್ಳಬಹುದಾ? ಅಂಗಡೀಲಿ ಟೋಪಿ ಸಿಗುತ್ತಲ್ಲ?

ಆ ಉಡುಪಿಗೆ ಗಾಕ್ತಿ ಅಂತಾರೆ. ಅದು ಮಾತಾಡುವ ಬಟ್ಟೆ. ಯಾವ ಊರು, ಯಾವ ಮನೆತನ ಅನ್ನೋದು ಅಂಚಿನ ಪಟ್ಟಿಯಲ್ಲಿ, ಟೋಪಿಯ ಆಕಾರದಲ್ಲಿ ಗೊತ್ತಾಗುತ್ತದೆ. ಕೆಲವು ಕಡೆ ಸೊಂಟಪಟ್ಟಿಯ ಗುಂಡಿ ಚೌಕ ಇದ್ದರೆ ಮದುವೆಯಾಗಿದೆ, ದುಂಡಗಿದ್ದರೆ ಆಗಿಲ್ಲ ಅಂತ ಅರ್ಥ. ಅಂಗಡಿಯಲ್ಲಿ ಮಾರುವ ಪಾಲಿಯೆಸ್ಟರ್ ಗಾಕ್ತಿ ಯಾರ ಊರನ್ನೂ ಹೇಳುವುದಿಲ್ಲ. ಅರ್ಥವಿಲ್ಲದ ಮಾತನ್ನು ಜೋರಾಗಿ ಕೂಗಿದ ಹಾಗೆ ಅದು.

ಹೋಟೆಲಿನ ಬಾಗಿಲು ಕಾಯುವವರಿಗೆ ಕುಪ್ಯಚೇಲೆ ತೊಡಿಸಿದಾಗ ಕೊಡಗಿನಲ್ಲಿ ಯಾಕೆ ಬೇಸರ ಆಯಿತು ಅನ್ನೋದು ಗೊತ್ತಿದ್ದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಫಿನ್‌ಲ್ಯಾಂಡಿನ ಸಾಮಿ ಸಂಸತ್ತು 2018ರಲ್ಲಿ ಪ್ರವಾಸೋದ್ಯಮಕ್ಕೇ ಅಂತ ನೀತಿಸೂತ್ರಗಳನ್ನು ಹೊರತಂದಿತು, ನಕಲಿ ಉಡುಪು ಮತ್ತು ನಕಲಿ ಶಾಸ್ತ್ರಗಳ ಕಾಟ ತಡೆಯಲಾಗದೆ.

ಏನಾದರೂ ಕೊಳ್ಳಲೇಬೇಕು ಅಂದರೆ ಸಾಮಿ ದುವೊಜಿ ಅನ್ನುವ ಗುರುತು ಹುಡುಕಿ. ಸಾಮಿಗಳೇ ಕೈಯಲ್ಲಿ ಮಾಡಿದ ವಸ್ತು ಅಂತ ಅರ್ಥ. ಮರದ ಗಂಟಿನಿಂದ ಕೆತ್ತಿದ ಬಟ್ಟಲು ನನ್ನ ಹತ್ತಿರ ಒಂದಿದೆ. ದುಬಾರಿ. ಹತ್ತು ವರ್ಷ ಬಳಸಿದ ಮೇಲೆ ದುಬಾರಿ ಅನ್ನಿಸಲ್ಲ.

### 'ನಮ್ಮಜ್ಜಿ ಸಾಮಿ'

ನನ್ನ ಗೆಳೆಯನಿಗೆ ಡಿಎನ್‌ಎ ಟೆಸ್ಟಲ್ಲಿ ಒಂದೂವರೆ ಪರ್ಸೆಂಟ್ ಬಂದಿದೆಯಂತೆ. ಅವನು ಸಾಮಿನಾ?

ಲೆಕ್ಕ ಮಾಡೋಣ. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿ ನಾಲ್ವರು, ಹೀಗೆ ಆರು ತಲೆಮಾರು ಹಿಂದೆ ಹೋದರೆ 64 ಜನ. ಅವರಲ್ಲಿ ಒಬ್ಬರು ಪೂರ್ತಿ ಸಾಮಿ ಆಗಿದ್ದರೆ ಸರಾಸರಿ ಪಾಲು 1.56 ಪರ್ಸೆಂಟ್. ಅಂದರೆ ಗೆಳೆಯನ ಮಾತು ಅಸಾಧ್ಯ ಏನಲ್ಲ. ಆದರೆ ಇಷ್ಟು ಸಣ್ಣ ಸಂಖ್ಯೆ ಬರೀ ಲೆಕ್ಕದ ಏರುಪೇರೂ ಆಗಿರಬಹುದು. ಟೆಸ್ಟ್ ಮಾಡುವವರು ತಮ್ಮ ಹತ್ತಿರ ಇರುವ ಮಾದರಿಗಳ ಜೊತೆ ನಿಮ್ಮದನ್ನು ಹೋಲಿಸಿ ಅಂದಾಜು ಹೇಳುತ್ತಾರೆ. ಫಿನ್ನರು, ಕರೇಲಿಯನ್ನರು, ಸಾಮಿಗಳು ಸಾವಿರಾರು ವರ್ಷ ಅಕ್ಕಪಕ್ಕ ಬಾಳಿದವರು. ಬೇರ್ಪಡಿಸೋದು ಸುಲಭ ಅಲ್ಲ. ಎರಡು ಕಡೆ ಟೆಸ್ಟ್ ಮಾಡಿಸಿದರೆ ಎರಡು ಉತ್ತರ ಬರಬಹುದು.

ಇನ್ನೊಂದು ಮಜಾ ಇದೆ. ಸಾಮಿಗಳಲ್ಲಿ ತಾಯಿಯ ಕಡೆಯಿಂದ ಬರುವ ಒಂದು ಗುರುತು ಬಹಳ ಸಾಮಾನ್ಯ. ಅದರ ಹತ್ತಿರದ ಕೊಂಬೆಗಳು ಉತ್ತರ ಆಫ್ರಿಕಾದ ಬೆರ್ಬರರಲ್ಲೂ ಸಿಕ್ಕಿವೆ ಅಂತ 2005ರಲ್ಲಿ ಗೊತ್ತಾಯಿತು. ಆ ಗುರುತು ಸಿಕ್ಕ ಕೂಡಲೇ ಹಿಮಸಾರಂಗ ಕೊಳ್ಳುವುದೋ ಒಂಟೆ ಕೊಳ್ಳುವುದೋ?

ನಿಜವಾಗಿ ಹುಡುಕಬೇಕಾದರೆ ಚರ್ಚಿನ ದಾಖಲೆ, ಹಳೆಯ ಜನಗಣತಿ ನೋಡಲಿ. ನಾರ್ವೆಯ ಉತ್ತರ ಭಾಗದಲ್ಲಿ 1865, 1900ರ ಜನಗಣತಿಗಳಲ್ಲಿ ಯಾರು ಯಾವ ಜನಾಂಗ ಅಂತ ಬರೆದಿದ್ದಾರೆ. ಅವು ಈಗ ಕಂಪ್ಯೂಟರಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ನಮ್ಮ ಮಿನ್ನೆಸೋಟದವನಿಗೆ ಇದನ್ನು ಹೇಳಿ ಎರಡು ವರ್ಷ ಆಯಿತು. ಪರ್ಸೆಂಟ್ ಹೇಳಿಕೊಳ್ಳೋದು ಸುಲಭ, ಹಳೆಯ ಕೈಬರಹ ಓದೋದು ಕಷ್ಟ.

ಅಮೆರಿಕದಲ್ಲಿ ಸಾಮಿ ಮೂಲದವರು ಎಲ್ಲಿಂದ ಬಂದ್ರು?

ಬಹಳಷ್ಟು ಜನ ನಾರ್ವೆ, ಫಿನ್‌ಲ್ಯಾಂಡ್‌ಗಳಿಂದ ವಲಸೆ ಹೋದವರ ನಡುವೆಯೇ ಹೋದರು. ಹಡಗಿನ ಪಟ್ಟಿಯಲ್ಲಿ ನಾರ್ವೇಜಿಯನ್, ಫಿನ್ ಅಂತ ಬರೆಸಿಕೊಂಡರು, ಅಲ್ಲಿಗೆ ಮುಗಿಯಿತು.

ಅಲಾಸ್ಕಾದ ಕಥೆ ಮಾತ್ರ ಸಿನಿಮಾ ತರಹ. 1894ರಲ್ಲಿ ಅಲ್ಲಿನ ಮೂಲನಿವಾಸಿಗಳಿಗೆ ಹಿಮಸಾರಂಗ ಸಾಕುವುದನ್ನು ಕಲಿಸಲು ಅಮೆರಿಕ ಸರ್ಕಾರ ಸಾಮಿ ಕುಟುಂಬಗಳನ್ನು ಕರೆಸಿಕೊಂಡಿತು. 1898ರಲ್ಲಿ ಇನ್ನೂ ದೊಡ್ಡ ಸಾಹಸ. ಕೆನಡಾದ ಯೂಕಾನ್‌ನಲ್ಲಿ ಚಿನ್ನ ಅಗೆಯಲು ಹೋದವರು ಹಸಿವಿನಿಂದ ಸಾಯುತ್ತಿದ್ದಾರೆ ಅನ್ನುವ ಸುದ್ದಿ. ಆಲ್ಟಾದಿಂದ ಐನೂರಕ್ಕೂ ಹೆಚ್ಚು ಹಿಮಸಾರಂಗ, ನೂರಕ್ಕೂ ಹೆಚ್ಚು ಜನ ಹಡಗು ಹತ್ತಿ ನ್ಯೂಯಾರ್ಕ್‌ಗೆ, ಅಲ್ಲಿಂದ ರೈಲಿನಲ್ಲಿ ಸಿಯಾಟಲ್‌ಗೆ, ಮತ್ತೆ ಹಡಗಿನಲ್ಲಿ ಅಲಾಸ್ಕಾಕ್ಕೆ. ಅಷ್ಟರಲ್ಲಿ ಚಿನ್ನದವರ ಹಸಿವಿನ ಸುದ್ದಿ ಸುಳ್ಳಾಗಿತ್ತು. ತಿನ್ನಲು ಹಾವಸೆ ಸಿಗದೆ ಸತ್ತದ್ದು ಹಿಮಸಾರಂಗಗಳು. ಉಳಿದ ಸಾಮಿಗಳಲ್ಲಿ ಕೆಲವರು ಅಲ್ಲೇ ಮಂದೆ ಕಟ್ಟಿದರು. 1937ರ ಕಾನೂನು ಅಲಾಸ್ಕಾದ ಮೂಲನಿವಾಸಿಗಳಲ್ಲದವರು ಹಿಮಸಾರಂಗ ಇಟ್ಟುಕೊಳ್ಳುವಂತಿಲ್ಲ ಅಂದಿತು. ಕಲಿಸಲು ಬಂದವರು ಮಂದೆ ಬಿಟ್ಟುಕೊಡಬೇಕಾಯಿತು.

ಅಜ್ಜಿ ಸಾಮಿ ಅಂತ ಅಜ್ಜಿ ಸತ್ತ ಮೇಲೆ ಗೊತ್ತಾಯ್ತು ಅಂತಾರಲ್ಲ, ಯಾಕೆ ಮುಚ್ಚಿಟ್ರು?

ಈ ಪ್ರಶ್ನೆಗೆ ತಮಾಷೆಯ ಉತ್ತರ ನನ್ನ ಹತ್ತಿರ ಇಲ್ಲ.

ನಾರ್ವೆಯಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನಿಂದ ನೂರಕ್ಕೂ ಹೆಚ್ಚು ವರ್ಷ ಎಲ್ಲರನ್ನೂ ನಾರ್ವೇಜಿಯನ್ನರನ್ನಾಗಿ ಮಾಡುವುದೇ ಸರ್ಕಾರದ ನೀತಿ. 1898ರ ಆದೇಶ ಶಾಲೆಯಲ್ಲಿ ಸಾಮಿ ಭಾಷೆಯನ್ನು ಮೂಲೆಗೆ ತಳ್ಳಿತು. ಮಕ್ಕಳು ಮನೆಯಿಂದ ದೂರದ ಹಾಸ್ಟೆಲ್ ಶಾಲೆಗಳಿಗೆ. 1902ರ ಜಮೀನು ಕಾನೂನಿನ ನಿಯಮ ನೋಡಿ: ನಾರ್ವೆಯ ಉತ್ತರ ತುದಿಯ ಫಿನ್‌ಮಾರ್ಕ್‌ನಲ್ಲಿ ಸರ್ಕಾರದ ನೆಲ ಕೊಳ್ಳಬೇಕಾದರೆ ನಾರ್ವೇಜಿಯನ್ ಮಾತಾಡಬೇಕು, ಓದಬೇಕು, ಬರೆಯಬೇಕು, ದಿನವೂ ಬಳಸಬೇಕು. ಮಗನಿಗೆ ಒಂದು ತುಂಡು ಹೊಲ ಸಿಗಲಿ ಅನ್ನುವ ತಾಯಿ ಮನೆಯಲ್ಲಿ ಯಾವ ಭಾಷೆ ಆಡುತ್ತಾಳೆ?

ಆಲ್ಟಾದ ಗೆಳತಿಯ ಅಜ್ಜಿ ಮತ್ತು ಅಜ್ಜ ಮಕ್ಕಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಸಾಮಿ ಮಾತಾಡುತ್ತಿದ್ದರಂತೆ. ಮಕ್ಕಳಿಗೆ ಅದು ದೊಡ್ಡವರ ಗುಟ್ಟಿನ ಭಾಷೆ. ಗೆಳತಿ ಅದನ್ನು ಕಲಿತದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ, ಸಂಜೆ ಕ್ಲಾಸಿಗೆ ದುಡ್ಡು ಕೊಟ್ಟು.

ಸ್ವೀಡನ್ನಿನಲ್ಲಿ ದಾರಿ ಬೇರೆ, ಪರಿಣಾಮ ಅದೇ. 1913ರ ಕಾನೂನಿನ ಪ್ರಕಾರ ಹಿಮಸಾರಂಗ ಸಾಕುವವರ ಮಕ್ಕಳಿಗೆ ಪ್ರತ್ಯೇಕ ಅಲೆಮಾರಿ ಶಾಲೆ, ಉಳಿದ ಸಾಮಿಗಳು ಸ್ವೀಡಿಷರಾಗಿ ಕರಗಿಹೋಗಲಿ ಅಂತ. ನಾರ್ವೆಯ ರಾಜ ಐದನೇ ಹರಾಲ್ಡ್ 1997ರಲ್ಲಿ ಕ್ಷಮೆ ಕೇಳಿದರು. ಅಲ್ಲಿನ ಸತ್ಯ ಶೋಧನೆಯ ಆಯೋಗ 2023ರ ಜೂನ್‌ನಲ್ಲಿ ವರದಿ ಕೊಟ್ಟಿತು. ನಾರ್ವೆಯ ಸಂಸತ್ತು ಕ್ಷಮೆ ಕೇಳಿದ್ದು 2024ರ ನವೆಂಬರ್‌ನಲ್ಲಿ.

ಡಿಎನ್‌ಎ ಅಂದ್ರೆ ಸಾಮಿಗಳು ಯಾಕೆ ಮುಖ ಸಿಂಡರಿಸ್ತಾರೆ? ವಿಜ್ಞಾನ ತಾನೇ?

ವಿಜ್ಞಾನದ ಹೆಸರಿನಲ್ಲಿ ಮನೆಗೆ ಬಂದವರನ್ನು ಅವರು ಮೊದಲೇ ನೋಡಿದ್ದಾರೆ. 1922ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಜನಾಂಗ ಜೀವಶಾಸ್ತ್ರದ ಸರ್ಕಾರಿ ಸಂಸ್ಥೆ ಶುರುವಾಯಿತು. ಅದರ ಮೊದಲ ಮುಖ್ಯಸ್ಥ ಹೆರ್ಮನ್ ಲುಂಡ್‌ಬೊರ್ಗ್ ಮತ್ತು ತಂಡ ಉತ್ತರಕ್ಕೆ ಹೋಗಿ ಸಾಮಿಗಳ ತಲೆ ಅಳೆದರು, ಬಟ್ಟೆ ಬಿಚ್ಚಿಸಿ ಫೋಟೋ ತೆಗೆದರು, ಮಕ್ಕಳನ್ನೂ ಬಿಡಲಿಲ್ಲ. ಸಮಾಧಿಗಳಿಂದ ತಲೆಬುರುಡೆಗಳು ಸಂಗ್ರಹಾಲಯಗಳಿಗೆ ಹೋಗಿದ್ದವು. 2019ರ ಆಗಸ್ಟಿನಲ್ಲಿ ಲ್ಯುಕ್ಸೆಲೆ ಅನ್ನುವ ಊರಿನಲ್ಲಿ 25 ಜನರ ಅವಶೇಷಗಳನ್ನು ಮತ್ತೆ ಮಣ್ಣು ಮಾಡಿದರು. ಇಷ್ಟಾದ ಮೇಲೆ 'ಸ್ವಲ್ಪ ಎಂಜಲು ಕೊಡಿ, ನೀವು ಎಷ್ಟು ಪರ್ಸೆಂಟ್ ನೋಡೋಣ' ಅಂದರೆ ಯಾರಿಗೆ ತಾನೇ ಹಿಡಿಸುತ್ತದೆ?

ಮತ್ತೆ ಯಾರು ಸಾಮಿ ಅಂತ ಹೇಗೆ ತೀರ್ಮಾನ ಆಗುತ್ತೆ? ನಮ್ಮ ಜಾತಿ ಸರ್ಟಿಫಿಕೇಟ್ ಥರ ಇದೆಯಾ?

ತಹಶೀಲ್ದಾರರ ಕಚೇರಿಯ ಸರ್ಟಿಫಿಕೇಟ್ ಅಂತ ಏನಿಲ್ಲ. ಇರುವುದು ಸಾಮಿ ಸಂಸತ್ತಿನ ಮತದಾರರ ಪಟ್ಟಿ. ನಾರ್ವೆಯಲ್ಲಿ ಎರಡು ಶರತ್ತು. ಮೊದಲನೆಯದು, ನಾನು ಸಾಮಿ ಅಂತ ನೀವೇ ಹೇಳಬೇಕು. ಎರಡನೆಯದು, ನಿಮ್ಮದೋ, ಅಪ್ಪ ಅಮ್ಮನದೋ, ಅಜ್ಜ ಅಜ್ಜಿಯದೋ, ಮುತ್ತಜ್ಜ ಮುತ್ತಜ್ಜಿಯದೋ ಮನೆಮಾತು ಸಾಮಿ ಆಗಿರಬೇಕು, ಅಥವಾ ನಿಮ್ಮ ಅಪ್ಪನೋ ಅಮ್ಮನೋ ಆ ಪಟ್ಟಿಯಲ್ಲಿ ಇರಬೇಕು. ಸ್ವೀಡನ್ನಿನಲ್ಲಿ ಭಾಷೆಯ ಲೆಕ್ಕ ಅಜ್ಜ ಅಜ್ಜಿಯವರೆಗೆ. ರಕ್ತದ ಪರ್ಸೆಂಟ್ ಎಲ್ಲೂ ಇಲ್ಲ. ಮನೆಯಲ್ಲಿ ಯಾವ ಮಾತು ಕೇಳುತ್ತಿತ್ತು ಅನ್ನೋದೇ ಪ್ರಶ್ನೆ.

ಇದು ಕಾಗದದ ಮಾತು. ಬದುಕಿನಲ್ಲಿ ಇನ್ನೂ ಸರಳ. ಇಬ್ಬರು ಸಾಮಿಗಳು ಮೊದಲ ಸಲ ಸಿಕ್ಕರೆ 'ನೀನು ಯಾರ ಪೈಕಿ' ಅಂತ ಶುರು ಮಾಡುತ್ತಾರೆ. ಹೆಸರೇ ಹಾಗೆ ಕಟ್ಟಿಕೊಂಡಿರುತ್ತದೆ. ಮೇಲೆ ಬಂದ ಪೋಲಾ-ಆಂದೆ ಅಂದರೆ ಪೋಲನ ಮಗ ಆಂದೆ. ನಮ್ಮ ಹಳ್ಳಿಯಲ್ಲಿ 'ರಂಗಪ್ಪನ ಸಿದ್ದ' ಅನ್ನುವಂತೆ. ಹಳ್ಳಿಗೆ ಹೋದಾಗ ಕಟ್ಟೆಯ ಮೇಲಿನ ಅಜ್ಜ ನಿಮ್ಮನ್ನು ಕೇಳುವುದೂ ಇದನ್ನೇ ಅಲ್ವಾ? ಒಂದೂವರೆ ಪರ್ಸೆಂಟ್ ಅನ್ನೋದು ಆ ಪ್ರಶ್ನೆಗೆ ಉತ್ತರವೇ ಅಲ್ಲ. ಆ ಅಜ್ಜನಿಗೆ ಬೇಕಾಗಿರೋದು ಒಂದು ಹೆಸರು, ಅವನಿಗೆ ಗೊತ್ತಿರುವ ಹೆಸರು.

ಫಿನ್‌ಲ್ಯಾಂಡಿನಲ್ಲಿ ಈ ಪಟ್ಟಿ ಬಗ್ಗೆ ಅಷ್ಟೊಂದು ಜಗಳ ಯಾಕೆ?

ಅಲ್ಲಿನ ಕಾನೂನಿನಲ್ಲಿ ಭಾಷೆಯ ದಾರಿ ಅಲ್ಲದೆ ಇನ್ನೊಂದು ದಾರಿ ಇತ್ತು. ನೂರಾರು ವರ್ಷ ಹಿಂದಿನ ತೆರಿಗೆ ಪುಸ್ತಕದಲ್ಲಿ 'ಲ್ಯಾಪ್' ಅಂತ ಬರೆಸಿಕೊಂಡವರ ಸಂತತಿ ಅಂತ ತೋರಿಸಿದರೆ ಸಾಕು. ಆದರೆ ಆ ಪುಸ್ತಕದ 'ಲ್ಯಾಪ್' ಅನ್ನೋದು ಒಂದು ಬಗೆಯ ತೆರಿಗೆಯ ಹೆಸರೂ ಆಗಿತ್ತು, ಬೇಟೆ, ಮೀನು ನಂಬಿ ಬದುಕಿದವರ ಮೇಲಿನದ್ದು. ಸಾಮಿ ಸಂಸತ್ತು ಬೇಡ ಅಂದವರನ್ನೂ ಫಿನ್‌ಲ್ಯಾಂಡಿನ ಸರ್ವೋಚ್ಚ ಆಡಳಿತ ನ್ಯಾಯಾಲಯ ಪಟ್ಟಿಗೆ ಸೇರಿಸಿತು. 2019ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ ಇದು ಸಾಮಿಗಳ ಹಕ್ಕಿನ ಉಲ್ಲಂಘನೆ ಅಂದಿತು. ವರ್ಷಗಟ್ಟಲೆ ಎಳೆದಾಡಿ 2025ರಲ್ಲಿ ಕಾನೂನು ತಿದ್ದಿದರು, ಆ ತೆರಿಗೆ ಪುಸ್ತಕದ ದಾರಿ ಮುಚ್ಚಿತು.

ಹೊರಗೆ ಉಳಿದವರಲ್ಲಿ ನಿಜವಾಗಿಯೂ ನೊಂದವರಿದ್ದಾರೆ, ಭಾಷೆ ಕಳೆದುಕೊಂಡಿದ್ದಕ್ಕೆ ತಮ್ಮದೇನೂ ತಪ್ಪಿಲ್ಲದವರು. ಆದರೂ ತಮ್ಮವರು ಯಾರು ಅಂತ ಹೇಳುವ ಮಾತು ಮೊದಲು ಸಾಮಿಗಳದ್ದೇ ಆಗಿರಬೇಕು ಅನ್ನೋದು ನನ್ನ ಅಭಿಪ್ರಾಯ. ಪಟ್ಟಿಯ ಹಿಂದೆ ನೆಲ, ನೀರು, ಗಣಿ, ಗಾಳಿಯಂತ್ರಗಳ ಪ್ರಶ್ನೆ ಇದೆ. ನಾರ್ವೆಯ ಫೋಸೆನ್‌ನಲ್ಲಿ ಹಿಮಸಾರಂಗದ ಹುಲ್ಲುಗಾವಲಿನ ಮೇಲೆ ಎದ್ದ 151 ಗಾಳಿಯಂತ್ರಗಳ ಪರವಾನಗಿ ಸಿಂಧುವಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. ಯಂತ್ರಗಳು ತಿರುಗುತ್ತಲೇ ಇದ್ದವು.

ಹಾಗಾದ್ರೆ ತಮಾಷೆ ಮಾಡಲೇಬಾರದಾ?

ನಮ್ಮ ಗುಂಪು ಮುಚ್ಚಬೇಕಾಗುತ್ತದೆ! ಸಾಮಿಗಳು ಭಯಂಕರ ತಮಾಷೆಯ ಜನ, ಪ್ರವಾಸಿಗಳೇ ಅವರಿಗೆ ಮುಖ್ಯ ಸರಕು. ಆದರೆ ಯಾರು ಯಾರನ್ನು ನೋಡಿ ನಗುತ್ತಿದ್ದಾರೆ ಅನ್ನೋದು ಮುಖ್ಯ. 1980ರ ದಶಕದಲ್ಲಿ ಫಿನ್ನಿಷ್ ಟೀವಿಯಲ್ಲಿ ಕೊಳಕು ಮುಖ, ಕುಡುಕ ಮಾತಿನ 'ಸಾಮಿ' ಪಾತ್ರಗಳು ಬಂದವು. ಇಡೀ ದೇಶ ನಕ್ಕಿತು. ಶಾಲೆಯ ಅಂಗಳದಲ್ಲಿ ಸಾಮಿ ಮಕ್ಕಳು ಅದೇ ಅಣಕವನ್ನು ವರ್ಷಗಟ್ಟಲೆ ಕೇಳಿದರು. ಆ ನಟರಲ್ಲಿ ಒಬ್ಬರಾದ ಪಿರ್ಕ್ಕಾ-ಪೆಕ್ಕಾ ಪೆಟೇಲಿಯುಸ್ 2019ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಆಲ್ಟಾದವಳು ಮಿನ್ನೆಸೋಟದವನಿಗೆ ಒಂದು ಸಲ ಬರೆದದ್ದು ಇದು: "ಒಂದೂವರೆ ಪರ್ಸೆಂಟ್ ಅಂದ್ರೆ ಯಾವ ಭಾಗ? ಎಡಗಾಲಿನ ಹೆಬ್ಬೆರಳಾ? ಅದನ್ನು ಮಾತ್ರ ಕಳಿಸು, ಚುನಾವಣೆಗೆ ನಿಲ್ಲಿಸ್ತೀವಿ." ಅವನು ಕಾಲಿನ ಫೋಟೋ ಕಳಿಸಿದ. ಬೆರಳಿಗೆ ಆಕೆ 'ಬುರೆಸ್' ಅಂದಳು, ಅಂದರೆ ನಮಸ್ಕಾರ. ಇವನು 'ಗೀತು' ಅಂತ ಉತ್ತರಿಸಿದ, ಅಂದರೆ ಧನ್ಯವಾದ. ಅವನಿಗೆ ಗೊತ್ತಿರುವ ಒಂದೇ ಸಾಮಿ ಪದ ಅದು.

ಕೊನೇದು: ಕನ್ನಡದವರಿಗೂ ಸಾಮಿಗಳಿಗೂ ಏನಾದ್ರೂ ನಂಟು ಇದೆಯಾ?

ಇದೆ ಅಂದವರು ಇದ್ದರು! ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲೇ ನಮ್ಮ ಭಾಷೆಗಳನ್ನು ಫಿನ್ನಿಷ್ ಬಳಗದ ಹತ್ತಿರ ತಂದಿಟ್ಟಿದ್ದರು. ಎರಡೂ ಕಡೆ ಪದದ ಬಾಲಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸುತ್ತಾ ಹೋಗುತ್ತೇವೆ, ಅದು ನಿಜ. ಹಾಗೆ ಅಂಟಿಸುವ ಭಾಷೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಇವತ್ತಿನ ಭಾಷಾತಜ್ಞರಲ್ಲಿ ಹೆಚ್ಚಿನವರು ಈ ನಂಟನ್ನು ಒಪ್ಪುವುದಿಲ್ಲ.

ನಾನು ಇದನ್ನು ಗುಂಪಿನಲ್ಲಿ ಹಾಕಿದ ದಿನ ಮೈಸೂರಿನವನು ಕೂಡಲೇ ಲೆಕ್ಕ ಹಾಕಿದ: ಕಾಲ್ಡ್‌ವೆಲ್ ಪ್ರಕಾರ ತಾನೂ ಸಾಮಿ, ಹಾಗಾಗಿ ಈ ವರ್ಷ ಎಲ್ಲರೂ ಹಂಪಿಗೇ ಬರಬೇಕು, ಅದು ಸಾಪ್ಮಿಯ ದಕ್ಷಿಣದ ತುದಿ. ಆಲ್ಟಾದವಳು ಕೇಳಿದ್ದು ಒಂದೇ ಮಾತು: "ಸರಿ, ನೀನು ಯಾರ ಪೈಕಿ?"

ಅವನು ಅಪ್ಪ, ಅಜ್ಜ, ಮುತ್ತಜ್ಜ, ಅಲ್ಲಿಂದ ಆಚೆ ಇನ್ನೂ ಇಬ್ಬರ ಹೆಸರು ಹೇಳಿದ. ಮಿನ್ನೆಸೋಟದವನು ಅಜ್ಜನ ಹೆಸರಿಗೇ ನಿಂತ. ಮಾರನೆಯ ದಿನ ಅವನಿಂದ ಒಂದು ಸಂದೇಶ ಬಂತು, ಆ ಹಳೆಯ ಜನಗಣತಿ ಎಲ್ಲಿ ಸಿಗುತ್ತದೆ ಅಂದಿದ್ದೆ ಅಂತ.